ಕಂಪ್ಯೂಟರಿನಲ್ಲಿ ಗಣಿತ ಬರೆಯುವ ಬಗೆ

(ಸಂಸ್ಥೆಯ ಪ್ರೌಢಶಾಲೆಗಳ ಗಣಿತ ಮತ್ತು ವಿಜ್ಞಾನ ಶಿಕ್ಷಕರ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಬರಹರೂಪ)

 

ಗಣಿತದ ಕಾರ್ಯಾಗಾರಕ್ಕೆ ಉರ್ದು, ಕನ್ನಡ ಕಲಿಸುವವರನ್ನು ಏಕೆ ಕರೆದರು ಎಂದು ಕೆಲವರು ಮುಗುಳ್ನಗುತ್ತಿರುವುದು ನನಗೆ ಕಾಣುತ್ತಿದೆ. ಕಾರಣ ಸರಳವಾಗಿದೆ. ನಮ್ಮ ಶಾಲೆಯಲ್ಲಿ ಎರಡೂ ಮಾಧ್ಯಮಗಳ ಪ್ರಶ್ನೆಪತ್ರಿಕೆಗಳ ಕರಡು ತಿದ್ದುವ ಕೆಲಸ ಭಾಷಾ ಶಿಕ್ಷಕರ ಪಾಲಿಗೆ ಬಂದಿದೆ. ಕಾಗುಣಿತ ನೋಡಿರಿ ಎಂದು ಪತ್ರಿಕೆ ಕೊಡುತ್ತಾರೆ. ನೋಡಿದರೆ ಕಾಗುಣಿತ ಒಂದು ಪಾಲು ಕೆಟ್ಟಿದ್ದರೆ ಸೂತ್ರಗಳು ಮೂರು ಪಾಲು ಕೆಟ್ಟಿರುತ್ತವೆ. ಗಣಿತದವರು ಕೈಯಲ್ಲಿ ಬರೆದು ಕೊಟ್ಟದ್ದು ಸರಿಯಾಗಿಯೇ ಇರುತ್ತದೆ. ಟೈಪಾಗಿ ಬರುವಾಗ ಹಾಳಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಶಾಲೆಯ ಹೆಸರು, ಟೈಪ್ ಮಾಡಿದ ಅಂಗಡಿಯ ಹೆಸರು ಬೇಡ. ಹತ್ತನೆಯ ತರಗತಿಯ ಪತ್ರಿಕೆ. ಎಕ್ಸ್ ವರ್ಗ, ಕಳೆ 5 ಎಕ್ಸ್, ಕೂಡು 6, ಸಮ ಸೊನ್ನೆ. ಈ ವರ್ಗಸಮೀಕರಣವನ್ನು ಬಿಡಿಸಿರಿ ಎಂಬುದು ಪ್ರಶ್ನೆ. ಎಕ್ಸ್‌ನ ನೆತ್ತಿಯ ಮೇಲೆ ಪುಟ್ಟದಾಗಿ ಕೂರಬೇಕಾದ 2 ಎಂಬ ಅಂಕಿ ಅಚ್ಚಿನಲ್ಲಿ ಕೆಳಗಿಳಿದು ಪಕ್ಕದಲ್ಲಿ ನಿಂತಿತ್ತು. ಓದಿದ ಹುಡುಗಿ ಅದನ್ನು ಎಕ್ಸ್‌ನ ಎರಡು ಪಟ್ಟು ಎಂದು ತಿಳಿದಳು. 2 ಎಕ್ಸ್‌ನಿಂದ 5 ಎಕ್ಸ್ ಕಳೆದಳು, 6 ಸೇರಿಸಿದಳು, ಎಕ್ಸ್ ಸಮ 2 ಎಂದು ಬರೆದಳು. ಸಮೀಕರಣದ ನಿಜವಾದ ಮೂಲಗಳು 2 ಮತ್ತು 3. ಅಂದರೆ ಅವಳ ಉತ್ತರ ಎರಡು ಮೂಲಗಳಲ್ಲಿ ಒಂದಕ್ಕೆ ಸರಿಹೊಂದಿಬಿಟ್ಟಿತು! ಮೌಲ್ಯಮಾಪಕರಿಗೆ ಇದು ಅಪವರ್ತನ ಬಾರದ ಮಗು ಎಂದೇ ಕಂಡಿತು. ಅಂಕ ಹೋಯಿತು. ಅಚ್ಚಾದದ್ದನ್ನು ಅವಳು ಓದಿದ್ದಳು, ಓದಿದ್ದನ್ನು ಸರಿಯಾಗಿಯೇ ಬಿಡಿಸಿದ್ದಳು.

ಇನ್ನೊಂದು ಇದಕ್ಕಿಂತ ಸೂಕ್ಷ್ಮವಾದದ್ದು. 1/2ಎಕ್ಸ್ ಎಂದು ಒಂದೇ ಸಾಲಿನಲ್ಲಿ ಓರೆಗೆರೆ ಹಾಕಿ ಅಚ್ಚು ಹಾಕುತ್ತಾರೆ. ಇದು ಎಕ್ಸ್‌ನ ಅರ್ಧವೋ, 2 ಎಕ್ಸ್‌ನಿಂದ ಭಾಗಿಸಿದ 1 ಎಂಬ ಸಂಖ್ಯೆಯೋ? ಎಕ್ಸ್‌ನ ಬೆಲೆ 4 ಎಂದಿಟ್ಟುಕೊಳ್ಳಿ. ಮೊದಲನೆಯ ರೀತಿ ಓದಿದರೆ 2 ಬರುತ್ತದೆ, ಎರಡನೆಯ ರೀತಿ ಓದಿದರೆ ಎಂಟನೆಯ ಒಂದು ಭಾಗ ಬರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಹದಿನಾರು ಪಟ್ಟು ವ್ಯತ್ಯಾಸ. ಉರ್ದುವಿನಲ್ಲಿ ಒಂದು ನುಖ್ತೆ ಬಿಟ್ಟುಹೋದರೆ ಅರ್ಥ ಬದಲಾಗುತ್ತದೆಂದು ಮಕ್ಕಳಿಗೆ ದಿನವೂ ಹೇಳುತ್ತೇವೆ. ಕನ್ನಡದಲ್ಲಿ ಒಂದು ಒತ್ತು ಬಿಟ್ಟರೆ ಕತ್ತೆ ಕತೆಯಾಗುತ್ತದೆ. ಗಣಿತವೂ ಹಾಗೆಯೇ ಒಂದು ಬರಹ, ಅದಕ್ಕೂ ವ್ಯಾಕರಣವಿದೆ. ಅಲ್ಲಿ ಅಕ್ಷರ ಯಾವುದು ಎಂಬುದಷ್ಟೇ ಮುಖ್ಯವಲ್ಲ, ಯಾವ ಜಾಗದಲ್ಲಿ ಕುಳಿತಿದೆ ಎಂಬುದೂ ಅರ್ಥವೇ. ನಮ್ಮ ಟೈಪಿಂಗ್ ವ್ಯವಸ್ಥೆ ಈ ಜಾಗವನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ನನ್ನ ತಕರಾರು ಇಷ್ಟೇ.

ಈ ಜಾಗದ ವ್ಯಾಕರಣ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಒಂಬತ್ತನೆಯ ಶತಮಾನದ ಆರಂಭದಲ್ಲಿ, ಖಲೀಫಾ ಅಲ್-ಮಾಮೂನ್ ಅವರ ಕಾಲದ ಬಗ್ದಾದಿನಲ್ಲಿ ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ ಬೀಜಗಣಿತದ ಗ್ರಂಥ ಬರೆದರು. ಅದರ ಹೆಸರಿನಲ್ಲಿರುವ 'ಅಲ್-ಜಬ್ರ್' ಎಂಬ ಪದವೇ ಇಂದಿನ ಆಲ್ಜಿಬ್ರಾ ಎಂಬುದು ತಮಗೆ ತಿಳಿದದ್ದೇ. ಆದರೆ ಆ ಗ್ರಂಥದಲ್ಲಿ ನಾವು ಇಂದು ಸೂತ್ರ ಎನ್ನುವಂಥದ್ದು ಒಂದೂ ಇಲ್ಲ. ಒಂದು ವರ್ಗ ಮತ್ತು ಅದರ ಹತ್ತು ಮೂಲಗಳು ಸೇರಿ ಮೂವತ್ತೊಂಬತ್ತಾದರೆ ಆ ಮೂಲ ಎಷ್ಟು ಎಂದು ಎಲ್ಲವನ್ನೂ ಮಾತಿನಲ್ಲಿಯೇ ಹೇಳುತ್ತಾರೆ, ಅಂಕಿಗಳನ್ನೂ ಅಕ್ಷರದಲ್ಲಿ ಬರೆಯುತ್ತಾರೆ. ನಮ್ಮ ಕನ್ನಡದಲ್ಲಿಯೂ 12ನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ' ಲೆಕ್ಕವನ್ನು ಪದ್ಯದಲ್ಲಿ ಹೇಳುತ್ತದೆ. ಭಾರತದ ಗಣಿತಜ್ಞರು ಭಿನ್ನರಾಶಿಯನ್ನು ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ ಇಟ್ಟು ಬರೆಯುತ್ತಿದ್ದರು, ನಡುವೆ ಗೆರೆ ಇರಲಿಲ್ಲ. ಆ ಅಡ್ಡಗೆರೆ ನಮಗೆ ಕಾಣಸಿಗುವುದು 12ನೆಯ ಶತಮಾನದ ಮಗ್ರಿಬಿನಲ್ಲಿ, ಅಂದರೆ ಉತ್ತರ ಆಫ್ರಿಕದ ಪಶ್ಚಿಮ ಭಾಗದಲ್ಲಿ, ಅಲ್-ಹಸ್ಸಾರ್ ಎಂಬ ಗಣಿತಜ್ಞನ ಬರಹದಲ್ಲಿ. ಅದೇ ಉತ್ತರ ಆಫ್ರಿಕದ ಬಿಜಾಯಾ ಬಂದರಿನಲ್ಲಿ ಲೆಕ್ಕ ಕಲಿತ ಇಟಲಿಯ ಫಿಬೊನಾಚ್ಚಿ 1202ರ ತನ್ನ ಪುಸ್ತಕದಲ್ಲಿ ಅಡ್ಡಗೆರೆಯನ್ನು ಬಳಸಿದ. ನಾವು ಕರಿಹಲಗೆಯ ಮೇಲೆ ಯೋಚನೆಯಿಲ್ಲದೆ ಎಳೆಯುವ ಗೆರೆಗೆ ಇಷ್ಟು ದೊಡ್ಡ ಪ್ರಯಾಣವಿದೆ. ಅದನ್ನು ನಮ್ಮ ಡಿಟಿಪಿಯವರು ಒಂದು ಓರೆಗೆರೆಗೆ ಇಳಿಸಿಬಿಟ್ಟಿದ್ದಾರೆ!

ಅವರನ್ನೇ ದೂರಿ ಫಲವಿಲ್ಲ. ಗಣಿತವನ್ನು ಅಚ್ಚು ಹಾಕುವುದು ಮೊಳೆ ಜೋಡಿಸುವ ಕಾಲದಿಂದಲೂ ಕಷ್ಟದ ಕೆಲಸವೇ. 1977ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ ಅವರಿಗೆ ತಮ್ಮದೇ ಪುಸ್ತಕದ ಎರಡನೆಯ ಆವೃತ್ತಿಯ ಕರಡು ಬಂತು. ಹಳೆಯ ಆವೃತ್ತಿ ಸೀಸದ ಮೊಳೆಗಳಲ್ಲಿ ಅಂದವಾಗಿ ಬಂದಿತ್ತು. ಹೊಸ ಫೋಟೋ ಯಂತ್ರದ ಅಚ್ಚು ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಸಿಟ್ಟು ಮಾಡಿಕೊಂಡು ಸುಮ್ಮನಾಗುವ ಬದಲು, ಗಣಿತವನ್ನು ಚೆನ್ನಾಗಿ ಜೋಡಿಸುವ ತಂತ್ರಾಂಶವನ್ನು ತಾವೇ ಬರೆಯಲು ಕುಳಿತರು. ಬೇಗ ಮುಗಿಯುವುದೆಂದುಕೊಂಡ ಕೆಲಸಕ್ಕೆ ಹತ್ತು ವರ್ಷದಷ್ಟು ಕಾಲ ಹಿಡಿಯಿತು. ಅದೇ 'ಟೆಕ್'. ಅದರ ಆವೃತ್ತಿಯ ಸಂಖ್ಯೆ ಪ್ರತಿ ತಿದ್ದುಪಡಿಗೂ ಪೈ ಬೆಲೆಗೆ ಒಂದೊಂದು ದಶಮಾಂಶ ಹತ್ತಿರವಾಗುತ್ತದೆ. ಗಣಿತದವರ ಹಾಸ್ಯ ಹೀಗಿರುತ್ತದೆ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ 'ಲೇಟೆಕ್' ಕಟ್ಟಿದರು. ಇಂದು ಜಗತ್ತಿನ ಬಹುಪಾಲು ಗಣಿತ ಪ್ರಬಂಧಗಳು ಬರುವುದು ಲೇಟೆಕ್‌ನಲ್ಲಿಯೇ.

ಹಾಗಾದರೆ ನಾವೂ ಅದನ್ನೇ ಕಲಿಯಬಹುದಲ್ಲ ಎಂದರೆ, ಅಲ್ಲೊಂದು ತೊಡಕಿದೆ. ಲೇಟೆಕ್‌ನಲ್ಲಿ ಭಿನ್ನರಾಶಿ ಬೇಕಾದರೆ ಭಿನ್ನರಾಶಿ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದು, ಪುಷ್ಪಾವರಣದೊಳಗೆ ಅಂಶ, ಇನ್ನೊಂದು ಪುಷ್ಪಾವರಣದೊಳಗೆ ಛೇದ ಬರೆಯಬೇಕು. ಬರೆಯುವಾಗ ಪರದೆಯ ಮೇಲೆ ಕಾಣುವುದು ಆಜ್ಞೆಗಳ ರಾಶಿ. ಸೂತ್ರ ಕಾಣುವುದು ಆಮೇಲೆ, ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿದ ಮೇಲೆ. ಒಂದು ಆವರಣ ಮುಚ್ಚುವುದು ಮರೆತರೆ ಪುಟವೇ ಬರದೆ ಇರಬಹುದು. ಸಂಶೋಧನೆ ಮಾಡುವವರಿಗೆ ಇದು ಅಭ್ಯಾಸವಾಗುತ್ತದೆ. ವಾರಕ್ಕೆ ಮೂವತ್ತು ಪಿರಿಯಡ್ ಪಾಠ ಮಾಡಿ, ಜನಗಣತಿಗೂ ಹೋಗಿ ಬಂದು, ರಾತ್ರಿ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಶಿಕ್ಷಕರಿಗೆ ಇದನ್ನು ಕಲಿಯಿರಿ ಎನ್ನಲು ನನಗೆ ಮನಸ್ಸು ಬಾರದು.

ಇಲ್ಲಿಗೆ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬಂದೆ. ಸೂತ್ರವನ್ನು ಸೂತ್ರವಾಗಿಯೇ ಕಣ್ಣೆದುರು ಕಾಣುತ್ತ ಬರೆಯುವ ಸಂಪಾದಕ ತಂತ್ರಾಂಶಗಳಿವೆ. ಅವುಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು 'ಟೆಕ್‌ಮ್ಯಾಕ್ಸ್'. ಫ್ರಾನ್ಸಿನ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿರುವ ಜೋರಿಸ್ ವಾನ್ ದೆರ್ ಹೂವೆನ್ ಎಂಬ ಗಣಿತಜ್ಞರು 1990ರ ದಶಕದ ಕೊನೆಯಲ್ಲಿ ಇದನ್ನು ಆರಂಭಿಸಿದರು. ಹೆಸರಿನಲ್ಲಿ ಟೆಕ್ ಇದ್ದರೂ ಒಳಗೆ ಟೆಕ್ ಇಲ್ಲ. ಅದರ ಅಂದವನ್ನು ಮಾತ್ರ ಆದರ್ಶವಾಗಿ ಇಟ್ಟುಕೊಂಡಿದ್ದಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಣ ಕೊಡಬೇಕಾಗಿಲ್ಲ, ಪ್ರತಿ ಮಾಡಿ ಹಂಚಿದರೆ ಕಳ್ಳತನವೂ ಅಲ್ಲ. ನಮ್ಮ ಲ್ಯಾಬುಗಳಲ್ಲಿ ಕದ್ದ ತಂತ್ರಾಂಶಗಳು ಎಷ್ಟಿವೆ ಎಂಬ ಪ್ರಶ್ನೆಯನ್ನು ಇಂದು ಎತ್ತುವುದಿಲ್ಲ. ಹಲಾಲ್-ಹರಾಮಿನ ಮಾತು ಬರೀ ಊಟಕ್ಕೆ ಸೀಮಿತವಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ವರ್ಗಸಮೀಕರಣದ ಸೂತ್ರವನ್ನೇ ಬರೆಯೋಣ. ಡಾಲರ್ ಚಿಹ್ನೆಯ ಕೀಲಿ ಒತ್ತಿದರೆ ಗಣಿತದ ಸ್ಥಿತಿಗೆ ಹೋಗುತ್ತೀರಿ. ಎಕ್ಸ್, ಸಮ ಚಿಹ್ನೆ ಒತ್ತಿರಿ. ಈಗ ಆಲ್ಟ್ ಕೀಲಿಯ ಜೊತೆ ಎಫ್ ಒತ್ತಿದರೆ ಅಡ್ಡಗೆರೆಯೂ ಅದರ ಮೇಲೆ ಕೆಳಗೆ ಎರಡು ಖಾಲಿ ಜಾಗಗಳೂ ಬರುತ್ತವೆ. ಮೇಲಿನದು ಅಂಶ, ಅಂದರೆ ಶುಮಾರ್ ಕುನಿಂದಾ, ಕೆಳಗಿನದು ಛೇದ, ನಸಬ್‌ನುಮಾ. ಮೇಲೆ ಋಣ ಬಿ ಬರೆಯಿರಿ. ಕೂಡು ಮತ್ತು ಕಳೆ ಕೀಲಿಗಳನ್ನು ಒಂದರ ಹಿಂದೊಂದು ಒತ್ತಿದರೆ ಎರಡೂ ಸೇರಿ ಕೂಡು-ಕಳೆ ಚಿಹ್ನೆಯಾಗುತ್ತದೆ. ಆಲ್ಟ್ ಜೊತೆ ಎಸ್ ಒತ್ತಿದರೆ ವರ್ಗಮೂಲದ ಚಪ್ಪರ ಏಳುತ್ತದೆ. ಅದರೊಳಗೆ ಬಿ ಬರೆದು, 6ರ ಕೀಲಿಯ ಮೇಲಿರುವ ಟೋಪಿ ಚಿಹ್ನೆ ಒತ್ತಿ 2 ಬರೆದರೆ ಅದು ತಾನಾಗಿ ಬಿಯ ನೆತ್ತಿಗೆ ಹೋಗಿ ಕೂರುತ್ತದೆ. ಬಲಬಾಣದ ಕೀಲಿ ಒತ್ತಿದರೆ ಘಾತದಿಂದ ಹೊರಬರುತ್ತೀರಿ. ಉಳಿದದ್ದನ್ನು ಬರೆದು, ಮತ್ತೆ ಬಲಬಾಣ ಒತ್ತಿ ಚಪ್ಪರದಿಂದ ಹೊರಬಂದು, ಕೆಳಬಾಣ ಒತ್ತಿ ಛೇದಕ್ಕಿಳಿದು 2 ಎ ಬರೆದರೆ ಮುಗಿಯಿತು. ನಾನು ಹೇಳಲು ತೆಗೆದುಕೊಂಡ ಸಮಯದ ಕಾಲು ಭಾಗದಲ್ಲಿ ಬೆರಳು ಇದನ್ನು ಮಾಡಿ ಮುಗಿಸುತ್ತದೆ. ಗ್ರೀಕ್ ಅಕ್ಷರ ಬೇಕಾದರೆ ಇಂಗ್ಲಿಷಿನ ಎ ಒತ್ತಿ ಟ್ಯಾಬ್ ಒತ್ತಿರಿ, ಆಲ್ಫಾ ಬರುತ್ತದೆ. ಕಿರಿದು ಚಿಹ್ನೆಯ ನಂತರ ಸಮ ಚಿಹ್ನೆ ಒತ್ತಿದರೆ ಕಿರಿದು ಅಥವಾ ಸಮ ಎಂಬ ಚಿಹ್ನೆಯಾಗುತ್ತದೆ. ಬಾಯಿಪಾಠ ಮಾಡುವ ಗೋಜಿಲ್ಲ, ಚಿಹ್ನೆಯ ಆಕಾರವೇ ಕೀಲಿಯನ್ನು ಹೇಳಿಕೊಡುತ್ತದೆ.

ಇಷ್ಟನ್ನು ಬೇರೆ ತಂತ್ರಾಂಶಗಳೂ ಮಾಡುತ್ತವೆ ಎನ್ನಬಹುದು. ನಿಜ, ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 2007ರಿಂದ ಸಮೀಕರಣ ಬರೆಯುವ ಸೌಲಭ್ಯ ಚೆನ್ನಾಗಿಯೇ ಇದೆ. ನಾಲ್ಕು ಸೂತ್ರಗಳ ಪತ್ರಿಕೆಗೆ ಅದು ಸಾಕು. ಆದರೆ ಭಾಷಾ ಶಿಕ್ಷಕರ ಕಣ್ಣಿಗೆ ಟೆಕ್‌ಮ್ಯಾಕ್ಸ್‌ನಲ್ಲಿ ಬೇರೆಯದೇ ಒಂದು ಗುಣ ಕಂಡಿತು. ಕರ್ಸರ್ ಎಲ್ಲಿದೆಯೋ ಅದರ ಸುತ್ತ ತೆಳುವಾದ ಬಣ್ಣದ ಚೌಕಟ್ಟುಗಳು ಮೂಡುತ್ತವೆ. ಘಾತದೊಳಗಿದ್ದೀರಿ, ಆ ಘಾತ ವರ್ಗಮೂಲದೊಳಗಿದೆ, ವರ್ಗಮೂಲ ಅಂಶದೊಳಗಿದೆ ಎಂದು ಪೆಟ್ಟಿಗೆಯೊಳಗೆ ಪೆಟ್ಟಿಗೆಯಾಗಿ ತೋರಿಸುತ್ತದೆ. ವಾಕ್ಯ ವಿಂಗಡಣೆ ಮಾಡುವಾಗ ನಾವು ಉಪವಾಕ್ಯಕ್ಕೆ ಆವರಣ ಹಾಕಿ ತೋರಿಸುತ್ತೇವಲ್ಲ, ಥೇಟ್ ಅದೇ. ಎ ಮತ್ತು ಬಿಗಳನ್ನು ಗುಣಿಸಬೇಕಾದಾಗ ಎರಡರ ನಡುವೆ ನಕ್ಷತ್ರದ ಕೀಲಿ ಒತ್ತಬೇಕೆಂದು ಅದು ನಿರೀಕ್ಷಿಸುತ್ತದೆ. ಆ ನಕ್ಷತ್ರ ಕಾಗದದ ಮೇಲೆ ಕಾಣುವುದಿಲ್ಲ, ಎಬಿ ಎಂದೇ ಬರುತ್ತದೆ. ಆದರೆ ಕಡತದ ಒಳಗೆ ಇಲ್ಲಿ ಗುಣಾಕಾರವಿದೆ, ಇದು ಎರಡಕ್ಷರದ ಹೆಸರಲ್ಲ ಎಂಬ ಮಾತು ಉಳಿದಿರುತ್ತದೆ. ಕನ್ನಡದ ಸಮಾಸದಲ್ಲಿ ವಿಭಕ್ತಿ ಲೋಪವಾಗಿದ್ದರೂ ಅರ್ಥದಲ್ಲಿ ಇರುವಂತೆ.

ಈ ಕಾಣದ ಚಿಹ್ನೆಯಿಂದ ಯಾರಿಗೆ ಲಾಭ? ಕಣ್ಣು ಕಾಣದ ವಿದ್ಯಾರ್ಥಿಯನ್ನು ನೆನೆಯಿರಿ. ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಇಂದು ಮೊಬೈಲಿನಲ್ಲಿಯೂ ಇವೆ. ಸೂತ್ರವನ್ನು ಫೋಟೋ ಮಾಡಿ ಅಂಟಿಸಿದ ಪತ್ರಿಕೆಯ ಮುಂದೆ ಅವು ಮೂಕವಾಗುತ್ತವೆ. ಸೂತ್ರದ ರಚನೆ ಕಡತದಲ್ಲಿ ಉಳಿದಿದ್ದು, ಅದನ್ನು ವೆಬ್ ಪುಟದಲ್ಲಿ ಗಣಿತಕ್ಕೆಂದೇ ಇರುವ ಮ್ಯಾತ್‌ಎಂಎಲ್ ರೂಪಕ್ಕೆ ತಂದರೆ ಓದಿ ಹೇಳಲು ದಾರಿಯುಂಟು. ಕಣ್ಣಿದ್ದವರಿಗೂ ಲಾಭವಿದೆ. ಮುಂದಿನ ವರ್ಷ ಅದೇ ಲೆಕ್ಕದಲ್ಲಿ 5ರ ಬದಲು 7 ಹಾಕಬೇಕಾದರೆ ಫೋಟೋವನ್ನು ತಿದ್ದಲಾಗದು, ರಚನೆಯನ್ನು ತಿದ್ದಬಹುದು. ನಮ್ಮ ಶಾಲೆಗಳಲ್ಲಿ ಪ್ರಶ್ನೆಕೋಶ ಬೆಳೆಯದೆ ಪ್ರತಿ ವರ್ಷ ಹೊಸದಾಗಿ ಟೈಪಾಗುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಈಗ ಕಹಿಯನ್ನೂ ಹೇಳಬೇಕು. ಟೆಕ್‌ಮ್ಯಾಕ್ಸ್ ಇಂಗ್ಲಿಷ್, ಫ್ರೆಂಚ್, ರಷ್ಯನ್ ಭಾಷೆಗಳಲ್ಲಿ ಸೊಗಸಾಗಿ ಬರೆಯುತ್ತದೆ, ಚೀನಿ ಜಪಾನಿಯನ್ನೂ ನಿಭಾಯಿಸುತ್ತದೆ. ಕನ್ನಡದ ಒತ್ತಕ್ಷರಗಳಿಗಾಗಲಿ, ಬಲದಿಂದ ಎಡಕ್ಕೆ ಸಾಗುವ ಉರ್ದುವಿನ ನಸ್ತಾಲೀಖಿಗಾಗಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇಂಗ್ಲಿಷ್ ಮಾಧ್ಯಮದವರು, ಪಿಯುಸಿ ವಿಜ್ಞಾನದ ಟಿಪ್ಪಣಿ ಬರೆಯುವವರು ನಾಳೆಯಿಂದಲೇ ಇದನ್ನು ಬಳಸಬಹುದು. ನಮ್ಮ ಬಹುಪಾಲು ಮಕ್ಕಳು ಉರ್ದು ಅಥವಾ ಕನ್ನಡ ಮಾಧ್ಯಮದವರು. ಒಳ್ಳೆಯ ಉಪಕರಣವೊಂದು ಬಂದಾಗಲೆಲ್ಲ ಈ ಮಕ್ಕಳು ಸಾಲಿನ ಕೊನೆಯಲ್ಲಿ ನಿಲ್ಲುವುದನ್ನು ನೋಡಿ ಬೇಸರವಾಗುತ್ತದೆ.

ಅವರಿಗಾಗಿ ಇನ್ನೊಂದು ದಾರಿ ಹುಡುಕಬೇಕಾಯಿತು. ಅದರ ಹೆಸರು 'ಲಿಕ್ಸ್'. ಜರ್ಮನಿಯ ಮಥಿಯಾಸ್ ಎಟ್ರಿಷ್ ವಿದ್ಯಾರ್ಥಿಯಾಗಿದ್ದಾಗ 1995ರಲ್ಲಿ ಆರಂಭಿಸಿದ್ದು. ಇದೂ ಉಚಿತ. ಪರದೆಯ ಮೇಲೆ ಕಾಣುವುದು ಅಚ್ಚಿನ ಪುಟವಲ್ಲ, ಆದರೆ ಸೂತ್ರ ಸೂತ್ರದಂತೆಯೇ ಕಾಣುತ್ತದೆ. ಕಂಟ್ರೋಲ್ ಜೊತೆ ಎಂ ಒತ್ತಿದರೆ ಸೂತ್ರದ ಪೆಟ್ಟಿಗೆ ತೆರೆಯುತ್ತದೆ, ಟೋಪಿ ಚಿಹ್ನೆ ಇಲ್ಲಿಯೂ ಘಾತವೇ. ಕಂಟ್ರೋಲ್ ಜೊತೆ ಆರ್ ಒತ್ತಿದರೆ ಹಿಂದಿನಿಂದ ಲೇಟೆಕ್ ಕೆಲಸ ಮಾಡಿ ಪಿಡಿಎಫ್ ತೋರಿಸುತ್ತದೆ. ಯೂನಿಕೋಡ್ ಲಿಪಿಗಳನ್ನು ನೇರವಾಗಿ ಓದುವ 'ಝೀಟೆಕ್' ಎಂಬ ಯಂತ್ರ 2004ರಲ್ಲಿ ಬಂತು. ಲಿಕ್ಸ್ 2011ರ ತನ್ನ ಎರಡನೆಯ ಆವೃತ್ತಿಯಿಂದ ಅದರೊಂದಿಗೆ ಕೂಡಿಕೊಂಡಿದೆ. ನೋಟೋ ಕುಟುಂಬದ ಕನ್ನಡ ಫಾಂಟ್, ನೋಟೋ ನಸ್ತಾಲೀಖ್ ಉರ್ದು ಎರಡೂ ಉಚಿತವಾಗಿ ಸಿಗುತ್ತವೆ. ಫಾಂಟಿಗೆ ಇದು ಕನ್ನಡ ಲಿಪಿ, ಇದು ಅರಬಿ ಲಿಪಿ ಎಂದು ತಿಳಿಸುವ ಕೆಲವು ಸಾಲುಗಳನ್ನು ಕಡತದ ಪೀಠಿಕೆಯಲ್ಲಿ ಹಾಕಬೇಕು. ಇದನ್ನು ಬಲ್ಲವರೊಬ್ಬರು ಒಮ್ಮೆ ಮಾಡಿ ಮಾದರಿ ಕಡತವಾಗಿ ಕೊಟ್ಟರೆ ಉಳಿದವರು ಅದರ ಮೇಲೆಯೇ ಬರೆಯುತ್ತ ಹೋಗಬಹುದು. ಒತ್ತಕ್ಷರ ಸರಿಯಾಗಿದೆಯೇ ಎಂಬುದನ್ನು ಮಾತ್ರ ಪರದೆ ನೋಡಿ ತೀರ್ಮಾನಿಸಬೇಡಿ, ಪಿಡಿಎಫ್ ತೆಗೆದು ನೋಡಿ.

ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕಡತ ಇಲ್ಲಿ ಹಾಗೆಯೇ ಓಡದು, ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇನ್‌ಪೇಜ್‌ನ ಹಳೆಯ ಕಡತಗಳಿಗೂ ಇದೇ ಮಾತು.

ಉರ್ದು ಮಾಧ್ಯಮದವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ನಮ್ಮ ವಾಕ್ಯ ಬಲದಿಂದ ಎಡಕ್ಕೆ ಓಡುತ್ತದೆ, ಅದರ ನಡುವೆ ಬರುವ ಸೂತ್ರ ಎಡದಿಂದ ಬಲಕ್ಕೆ ಓಡುತ್ತದೆ. ಈಜಿಪ್ಟ್, ಸಿರಿಯಾಗಳ ಶಾಲಾ ಪುಸ್ತಕಗಳಲ್ಲಿ ಸೂತ್ರವೂ ಅರಬಿ ಅಕ್ಷರಗಳಲ್ಲಿ ಬಲದಿಂದಲೇ ಆರಂಭವಾಗುತ್ತದೆ. ಮೊರಾಕೊದಲ್ಲಿ ನಮ್ಮಂತೆ ಎಡದಿಂದ ಬಲಕ್ಕೆ. ನಮ್ಮದು ಮಿಶ್ರ ಪದ್ಧತಿಯಾದ್ದರಿಂದ ಸಾಮಾನ್ಯ ಟೈಪಿಂಗ್‌ನಲ್ಲಿ 5ರಿಂದ 3 ಕಳೆಯಿರಿ ಎಂಬುದು 3ರಿಂದ 5 ಕಳೆಯಿರಿ ಎಂದು ತಿರುಗಿ ನಿಲ್ಲುವ ಅಪಾಯ ಯಾವಾಗಲೂ ಇರುತ್ತದೆ. ಸೂತ್ರವನ್ನು ಸೂತ್ರದ ಪೆಟ್ಟಿಗೆಯೊಳಗೇ ಬರೆದರೆ ಅದು ಒಂದೇ ತುಂಡಾಗಿ ನಿಲ್ಲುತ್ತದೆ, ಸುತ್ತಲಿನ ಉರ್ದು ಅದನ್ನು ತಿರುಗಿಸಲಾರದು. ಆದ್ದರಿಂದ ಒಂದೇ ಒಂದು ಕಳೆಯುವ ಲೆಕ್ಕವಿದ್ದರೂ ಅದನ್ನು ಪೆಟ್ಟಿಗೆಯಲ್ಲಿಯೇ ಬರೆಯಿರಿ.

ಇದನ್ನೆಲ್ಲ ಡಿಟಿಪಿಯವರಿಗೇ ಕಲಿಸಿದರಾಗದೇ ಎಂದು ಕಾರ್ಯದರ್ಶಿಗಳು ಮೊನ್ನೆ ಕೇಳಿದರು. ಆಗಬಹುದು. ಆದರೆ ಓರೆಗೆರೆಯ ಯಾವ ಕಡೆ ಏನಿದೆ ಎಂಬುದು ಲೆಕ್ಕ ಬಲ್ಲವರಿಗೆ ಮಾತ್ರ ಗೊತ್ತಿರುತ್ತದೆ. ಅಂಶ, ಛೇದಗಳ ಖಾಲಿ ಪೆಟ್ಟಿಗೆ ಎದುರಿಗೆ ಬಂದಾಗ ಇಲ್ಲಿ ಯಾವುದು ಹೋಗಬೇಕೆಂದು ಒಂದು ಗಳಿಗೆ ಯೋಚಿಸಲೇಬೇಕಾಗುತ್ತದೆ. ಆ ಯೋಚನೆ ಗಣಿತ ಶಿಕ್ಷಕರದೇ ಆಗಿರಲಿ ಎಂದು ನನ್ನ ವಿನಂತಿ. ಒಂಬತ್ತನೆಯ ತರಗತಿಯ ಮಕ್ಕಳನ್ನೂ ಕೂರಿಸಿ ನೋಡಿರಿ. 1/2ಎಕ್ಸ್ ಎಂಬುದನ್ನು ಟೈಪ್ ಮಾಡು ಎಂದರೆ ಎಕ್ಸ್ ಅನ್ನು ಪೆಟ್ಟಿಗೆಯ ಕೆಳಗಿಡಲೋ ಹೊರಗಿಡಲೋ ಎಂದು ಮಗು ಕೇಳಿಯೇ ಕೇಳುತ್ತದೆ.

ಪಕ್ಕದ ಕಂಪ್ಯೂಟರ್ ಕೋಣೆಯಲ್ಲಿ ಹನ್ನೆರಡು ಯಂತ್ರಗಳಲ್ಲಿ ಎರಡೂ ತಂತ್ರಾಂಶಗಳನ್ನು ಹಾಕಿಟ್ಟಿದೆ. ಒಂದೊಂದಕ್ಕೆ ಇಬ್ಬರು ಕುಳಿತುಕೊಳ್ಳಿ, ಒಬ್ಬರು ಉರ್ದು ಮಾಧ್ಯಮದವರು, ಒಬ್ಬರು ಕನ್ನಡ ಮಾಧ್ಯಮದವರು. ಕಳೆದ ವರ್ಷದ ಅರ್ಧವಾರ್ಷಿಕ ಪತ್ರಿಕೆಗಳನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಮೊದಲು ಅವುಗಳಲ್ಲಿ ಕೆಳಗಿಳಿದ ಘಾತಗಳನ್ನೂ ಓರೆಯಾದ ಗೆರೆಗಳನ್ನೂ ಕೆಂಪು ಪೆನ್ನಿನಿಂದ ಗುರುತಿಸಿರಿ, ಆಮೇಲೆ ಅವನ್ನು ಒಂದೊಂದಾಗಿ ಪೆಟ್ಟಿಗೆಯೊಳಗೆ ಬರೆಯೋಣ. ಜುಹರ್ ನಮಾಜಿಗೆ ಇನ್ನೂ ಒಂದೂಕಾಲು ಗಂಟೆ ಇದೆ.